ಪಕ್ ಬಿಡಿರಿ, ಡಿಫೆಂಡರ್ ನಿಂತ ಜಾಗ ನೋಡಿರಿ

ಕೇಳುಗ ಬಂಧುಗಳಿಗೆ ನಮಸ್ಕಾರ. ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ, ಹಾವೇರಿ ಕಡೆ ಈಗ ರೇಡಿಯೊ ಹಚ್ಚಿಕೊಂಡು ಕೂತವರಲ್ಲಿ ಒಂದಿಲ್ಲೊಂದು ಕಾಲಕ್ಕೆ ಹಾಕಿ ಸ್ಟಿಕ್ ಹಿಡಿದವರು ಬಹಳ ಮಂದಿ ಇದ್ದೀರಿ. ನಾನು ಮಾತಾಡುವುದು ನಿಮ್ಮ ಜೊತೆಗೇ. ಆದರೆ ಇವತ್ತಿನ ಮಾತು ನಮ್ಮ ಮೈದಾನದ ಹಾಕಿಯದಲ್ಲ, ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯದು. ಅದರಲ್ಲೂ ಗೋಲಿನ ಮುಂದೆ ಕಾವಲು ನಿಲ್ಲುವ ಡಿಫೆಂಡರ್‌ನದು. ಅವನು ಗಟ್ಟಿಯೋ ಜೊಳ್ಳೋ ಅಂತ ತಿಳಿಯುವುದು ಹೇಗೆ? ಒಂದೇ ಮಾತು ಹೇಳುತ್ತೇನೆ. ಪಕ್ ನೋಡಬೇಡಿರಿ, ಅವನು ನಿಂತ ಜಾಗ ನೋಡಿರಿ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಳ, ಸುತ್ತ ಗೋಡೆ. ಚೆಂಡಿನ ಬದಲು ಸುಮಾರು 170 ಗ್ರಾಂ ತೂಕದ ರಬ್ಬರ್ ಬಿಲ್ಲೆ, ಅದೇ ಪಕ್. ಒಂದೊಂದು ತಂಡದ ಆರು ಜನ ಕಣದಲ್ಲಿ: ಒಬ್ಬ ಗೋಲಿ, ಮೂವರು ಫಾರ್ವರ್ಡ್, ಇಬ್ಬರು ಡಿಫೆಂಡರ್. ಮುಕ್ಕಾಲು ನಿಮಿಷ ಉಸಿರು ಬಿಗಿಹಿಡಿದು ಆಡುವುದು, ಬೆಂಚಿಗೆ ಬರುವುದು, ಮತ್ತೆ ಹೋಗುವುದು. ನಮ್ಮಲ್ಲಿ ಸ್ಟಿಕ್ಕಿನ ಒಂದೇ ಮೈಯಿಂದ ಆಡಬೇಕು, ಅಲ್ಲಿ ಎರಡೂ ಮೈ ನಡೆಯುತ್ತದೆ. ಪಕ್ ಇದ್ದವನಿಗೆ ಮೈಯಿಂದ ಡಿಕ್ಕಿ ಹೊಡೆಯಲು ನಿಯಮದಲ್ಲೇ ಅವಕಾಶವಿದೆ.

ಜನ ಮೋಸಹೋಗುವುದು ಇಲ್ಲೇ ನೋಡ್ರಿ. ಒಬ್ಬ ಡಿಫೆಂಡರ್ ಎದುರಾಳಿಯನ್ನು ಧಡ್ ಅಂತ ಗೋಡೆಗೆ ಅಪ್ಪಳಿಸಿದನೋ, ಚಪ್ಪಾಳೆಯೋ ಚಪ್ಪಾಳೆ! ಅವನು ಅಷ್ಟು ದೂರ ಜಾಗ ಬಿಟ್ಟು ಬಂದದ್ದಕ್ಕೆ ಹಿಂದೆ ಎಷ್ಟು ದೊಡ್ಡ ಬಾಗಿಲು ತೆರೆಯಿತು ಅಂತ ಯಾರೂ ಕೇಳುವುದಿಲ್ಲ.

1997ರ ಸ್ಟಾನ್ಲಿ ಕಪ್ ಫೈನಲ್ ಕಥೆ ಹೇಳದೆ ನನಗೆ ಮುಂದೆ ಹೋಗಲಿಕ್ಕಾಗುವುದಿಲ್ಲ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗಿನ ಕಪ್ ಅದು; ಫೈನಲ್ ಅಂದರೆ ಒಂದೇ ಪಂದ್ಯವಲ್ಲ, ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್. ಒಂದು ಕಡೆ ಡೆಟ್ರಾಯಿಟ್ ರೆಡ್ ವಿಂಗ್ಸ್, ಇನ್ನೊಂದು ಕಡೆ ಫಿಲಡೆಲ್ಫಿಯಾ ಫ್ಲೈಯರ್ಸ್. ಫ್ಲೈಯರ್ಸ್ ನಾಯಕ ಎರಿಕ್ ಲಿಂಡ್ರೋಸ್ ಆರು ಅಡಿ ನಾಲ್ಕು ಇಂಚಿನ ಆಳು, ತೂಕ ನೂರು ಕಿಲೋ ಮೇಲೆ. ಎಡಬಲಕ್ಕೆ ಅವನಂಥವೇ ಎರಡು ದೊಡ್ಡ ದೇಹ. ಇವರನ್ನು ತಡೆಯುವವರು ಯಾರು? ಡೆಟ್ರಾಯಿಟ್‌ನಲ್ಲಿ ವ್ಲಾದಿಮಿರ್ ಕಾನ್ಸ್ಟಾಂಟಿನೋವ್ ಅಂತ ಒಬ್ಬ ರಷ್ಯನ್ ಡಿಫೆಂಡರ್ ಇದ್ದ. ಅವನ ಡಿಕ್ಕಿ ಅಂದರೆ ಎಲ್ಲರಿಗೂ ಹೆದರಿಕೆ. ದೊಡ್ಡವನ ಮೇಲೆ ಜೋರಿನವನನ್ನೇ ಬಿಡುತ್ತಾರೆ ಅಂತ ಎಲ್ಲರೂ ಎಣಿಸಿದ್ದರು.

ಕೋಚ್ ಸ್ಕಾಟಿ ಬೌಮನ್ ಹಾಗೆ ಮಾಡಲಿಲ್ಲ. ಲಿಂಡ್ರೋಸ್ ಎದುರಿಗೆ ಅವರು ನಿಲ್ಲಿಸಿದ್ದು ನಿಕ್ಲಾಸ್ ಲಿಡ್‌ಸ್ಟ್ರೋಮ್ ಮತ್ತು ಲ್ಯಾರಿ ಮರ್ಫಿ ಜೋಡಿಯನ್ನು. ಲಿಡ್‌ಸ್ಟ್ರೋಮ್ ಸ್ವೀಡನ್ನಿನ ಶಾಂತ ಸ್ವಭಾವದ ಹುಡುಗ, ಡಿಕ್ಕಿ ಹೊಡೆಯುವ ಜಾಯಮಾನವೇ ಅವನದಲ್ಲ. ಮರ್ಫಿಗೆ ಆಗ 36 ವರ್ಷ, ಕಾಲಿನ ವೇಗ ಕಡಿಮೆ. ಅದೇ ಋತುವಿನಲ್ಲಿ ಟೊರಾಂಟೊದಲ್ಲಿ ಆಡುತ್ತಿದ್ದಾಗ ಸ್ವಂತ ಊರಿನ ಪ್ರೇಕ್ಷಕರೇ ಅವನನ್ನು ಕೂಗಿ ಹೀಯಾಳಿಸಿದ್ದರು. ವೇಗ ಇಲ್ಲ ಅಂದದ್ದು ಸುಳ್ಳಲ್ಲ. ಆದರೆ ಬುದ್ಧಿ? ಅದನ್ನು ಯಾರು ಅಳೆದರು?

ಲಿಂಡ್ರೋಸ್ ಹತ್ತಿರ ಪಕ್ ಬರುವ ದಾರಿಯಲ್ಲೇ ಇವರಿಬ್ಬರು ಸ್ಟಿಕ್ ಚಾಚಿ ನಿಂತರು. ಪಕ್ ತಮ್ಮ ಕೈಗೆ ಸಿಕ್ಕ ಕ್ಷಣವೇ ಪಾಸ್ ಕೊಟ್ಟು ದಾಟಿಸಿಬಿಟ್ಟರು. ಆ ದೊಡ್ಡ ದೇಹಗಳಿಗೆ ಡಿಕ್ಕಿ ಹೊಡೆಯಲು ಆಳೇ ಸಿಗದಂತಾಯಿತು. ಡೆಟ್ರಾಯಿಟ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದಿತು, 42 ವರ್ಷದ ಮೇಲೆ ಕಪ್ ಮನೆಗೆ ಬಂತು. ಲಿಂಡ್ರೋಸ್ ಹೊಡೆದದ್ದು ಒಂದೇ ಗೋಲು. ಅದೂ ಯಾವಾಗ? ನಾಲ್ಕನೆಯ ಪಂದ್ಯ ಮುಗಿಯಲು ಹದಿನೈದು ಸೆಕೆಂಡು ಉಳಿದಾಗ!

ಆ ಲಿಡ್‌ಸ್ಟ್ರೋಮ್ ಮುಂದೆ ಏನಾದ ಅಂತ ಕೇಳಿರಿ. 20 ಋತು, 1564 ಪಂದ್ಯ, ಅತ್ಯುತ್ತಮ ಡಿಫೆಂಡರ್‌ಗೆ ಕೊಡುವ ನಾರಿಸ್ ಟ್ರೋಫಿ 7 ಸಲ. ಇಷ್ಟೂ ಪಂದ್ಯಗಳಲ್ಲಿ ತಪ್ಪು ಮಾಡಿ ಶಿಕ್ಷೆಯಾಗಿ ಹೊರಗೆ ಕೂತದ್ದು ಒಟ್ಟು 514 ನಿಮಿಷ. ಭಾಗಿಸಿ ನೋಡಿರಿ, ಪಂದ್ಯಕ್ಕೆ 20 ಸೆಕೆಂಡು. ಸರಿಯಾದ ಜಾಗದಲ್ಲಿ ಮೊದಲೇ ನಿಂತವನಿಗೆ ಹಿಂದಿನಿಂದ ಓಡಿ ಹಿಡಿದೆಳೆಯುವ ಪ್ರಸಂಗವೇ ಬರುವುದಿಲ್ಲ. ಮಳೆಗೆ ಮೊದಲೇ ಬದು ಹಾಕಿಟ್ಟ ರೈತ ನಡುರಾತ್ರಿ ಸಲಿಕೆ ಹಿಡಿದು ಓಡುವುದಿಲ್ಲವಲ್ಲ, ಹಾಗೆ.

ನಮ್ಮ ಮೈದಾನದ ಹಾಕಿಯ ಆಯ್ಕೆ ಶಿಬಿರಗಳಲ್ಲಿ ನನಗೆ ಸಮಾಧಾನ ತಪ್ಪುವುದು ಇದೇ ಕಾರಣಕ್ಕೆ. ಬ್ಯಾಕ್ ಆಡುವ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಯಾರು ಜೋರಾಗಿ ಹೊಡೆಯುತ್ತಾರೆ ಅಂತ ನೋಡಿ ಹೆಸರು ಬರೆದುಕೊಳ್ಳುತ್ತಾರೆ. ಚೆಂಡು ಇನ್ನೊಂದು ಅಂಚಿನಲ್ಲಿದ್ದಾಗ ಆ ಹುಡುಗ ಎಲ್ಲಿ ನಿಂತಿದ್ದ ಅಂತ ಬರೆದುಕೊಂಡವರನ್ನು ನಾನು ಕಂಡಿಲ್ಲ. ದಯವಿಟ್ಟು ಅದನ್ನು ಬರೆದುಕೊಳ್ಳಿರಿ!

ಇನ್ನು ದೌರ್ಬಲ್ಯ. ಸಮಯ ಓಡುತ್ತಿದೆ, ಬೇಗ ಹೇಳುತ್ತೇನೆ. ಐಸ್ ಹಾಕಿ ಡಿಫೆಂಡರ್ ಅರ್ಧ ಆಟವನ್ನು ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಲೇ ಆಡಬೇಕು. ಎಡಕ್ಕೆ ಸಲೀಸಾಗಿ ತಿರುಗುವವನು ಬಲಕ್ಕೆ ತಿರುಗುವಾಗ ಎಡವುತ್ತಾನೆಯೇ, ನೋಡಿರಿ. ದಾಳಿಗಾರನಿಗೂ ಅವನಿಗೂ ನಡುವಿನ ಅಂತರ ಬಹಳ ಬಿಟ್ಟರೆ ಶಾಟ್ ಬರುತ್ತದೆ, ಬಹಳ ಹತ್ತಿರ ಹೋದರೆ ದಾಟಿಕೊಂಡು ಹೋಗುತ್ತಾರೆ. ಮೈಮೇಲೆ ಎದುರಾಳಿ ಬಂದಾಗ ಪಾಸ್ ಕೊಡುತ್ತಾನೋ, ಕಣ್ಣುಮುಚ್ಚಿ ಪಕ್ ಹೊರಗಟ್ಟುತ್ತಾನೋ? ಇದು ಬಹಳ ಮುಖ್ಯ, ಇದರ ಮೇಲೇ ಒಂದು ಭಾಷಣ ಮಾಡಬಹುದು.

ಪ್ಲಸ್-ಮೈನಸ್ ಅಂತ ಒಂದು ಲೆಕ್ಕವಿದೆ: ಆಟಗಾರ ಕಣದಲ್ಲಿದ್ದಾಗ ತಂಡ ಗೋಲು ಹೊಡೆದರೆ ಒಂದು ಕೂಡಿಸು, ಬಿಟ್ಟುಕೊಟ್ಟರೆ ಒಂದು ಕಳೆ. 1970-71ರಲ್ಲಿ ಬಾಸ್ಟನ್ ತಂಡದ ಡಿಫೆಂಡರ್ ಬಾಬಿ ಓರ್ ಗಳಿಸಿದ ಪ್ಲಸ್ 124 ಇವತ್ತಿಗೂ ದಾಖಲೆ. ಆದರೆ ಗೋಲಿ ಕೆಟ್ಟವನಾಗಿದ್ದರೆ ಒಳ್ಳೆಯ ಡಿಫೆಂಡರ್ ಹೆಸರಿನ ಮುಂದೂ ಮೈನಸ್ ಬೀಳುತ್ತದೆ. ಅಂಕಿ ಓದಿರಿ, ಬೇಡ ಅನ್ನುವುದಿಲ್ಲ. ಓದಿದ ಮೇಲೆ ಪಂದ್ಯ ಹಾಕಿಕೊಂಡು ಒಬ್ಬನೇ ಡಿಫೆಂಡರ್‌ನನ್ನು ಆರಿಸಿ, ಹತ್ತು ನಿಮಿಷ ಪಕ್ ಎಲ್ಲಿಗಾದರೂ ಹೋಗಲಿ, ಅವನ ಮೇಲಿಂದ ಕಣ್ಣು ತೆಗೆಯಬೇಡಿರಿ. ನಮಸ್ಕಾರ.