ದಿನಕ್ಕೆ ಒಂದೇ ಜಾಗ

ನಮಸ್ಕಾರ. ಈ ಹೊತ್ತಿಗೆ ರೇಡಿಯೋ ಹಚ್ಚಿರುವ ಕೆಲವು ಮನೆಗಳಲ್ಲಿ ಮಂಚದ ಮೇಲೆ ಅರ್ಧ ತುಂಬಿದ ಬ್ಯಾಗು ಬಾಯಿ ತೆರೆದುಕೊಂಡು ಕೂತಿರಬೇಕು. ರಜೆ ಬಂತು. ಮಕ್ಕಳನ್ನು ದೊಡ್ಡ ಊರಿಗೆ ಕರೆದುಕೊಂಡು ಹೋಗಬೇಕು. ಟಿಕೆಟ್ ಆಗಿದೆ, ರೂಮು ಬುಕ್ ಆಗಿದೆ, ಮನೆಯಲ್ಲಿ ಯಾರೋ ಒಬ್ಬರು ಕೂತು ಪಟ್ಟಿಯನ್ನೂ ಬರೆದಿದ್ದಾರೆ. ಬೆಳಿಗ್ಗೆ ಇದು, ಹತ್ತೂವರೆಗೆ ಅದು, ಮಧ್ಯಾಹ್ನ ಇನ್ನೊಂದು, ಸಂಜೆ ದೀಪಾಲಂಕಾರ, ಆಮೇಲೆ ಅಂಗಡಿ ಬೀದಿ. ಆ ಪಟ್ಟಿಯನ್ನು ಈಗ ಕೈಗೆ ತೆಗೆದುಕೊಳ್ಳಿ. ಒಂದು ಪೆನ್ನೂ ತನ್ನಿ. ನಾನು ಕಾಯುತ್ತೇನೆ.

ತಂದಿರಾ? ಒಂದೊಂದು ದಿನದಲ್ಲೂ ಒಂದೇ ಒಂದು ಜಾಗ ಉಳಿಸಿ. ಮಿಕ್ಕದ್ದನ್ನೆಲ್ಲ ಹೊಡೆದು ಹಾಕಿ.

ನಾನು ಮಕ್ಕಳ ಡಾಕ್ಟರು. ಮನೆಯಲ್ಲಿ ಐದಾರು ವರ್ಷದೊಳಗಿನ ಮಕ್ಕಳಿದ್ದರೆ ನಾನು ಹೇಳೋದು ಇದೊಂದೇ ಮಾತು. ದಿನಕ್ಕೆ ಒಂದೇ ಜಾಗ. ಬೇರೆ ಏನು ಮರೆತರೂ ಪರವಾಗಿಲ್ಲ, ಇದನ್ನು ಮರೀಬೇಡಿ.

"ಅಷ್ಟು ದೂರ ಹೋಗಿ, ಅಷ್ಟು ಖರ್ಚು ಮಾಡಿ, ಒಂದೇ ಜಾಗ ನೋಡಿ ಬರೋದಾ ಡಾಕ್ಟ್ರೇ?" ಅಂತ ಪ್ರತಿ ರಜೆಗೂ ಯಾರಾದರೂ ಕೇಳುತ್ತಾರೆ. ಹೌದು, ಒಂದೇ. ಯಾಕೆ ಅಂತ ತಿಳಿಯಬೇಕಾದರೆ ಒಂದು ಸಲ ಮಗುವಿನ ಪಕ್ಕ ಮಂಡಿಯೂರಿ ಕೂತು ನೋಡಿ. ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರ್. ಅದರ ಕಣ್ಣು ನಿಮ್ಮ ಸೊಂಟದ ಮಟ್ಟಕ್ಕೂ ಬರುವುದಿಲ್ಲ. ರಜೆಯ ಗುಂಪಿನಲ್ಲಿ ನೀವು ಬೀದಿಯ ದೀಪ ನೋಡುತ್ತೀರಿ, ದೊಡ್ಡ ಕಟ್ಟಡ ನೋಡುತ್ತೀರಿ. ಮಗು ನೋಡುವುದು ಮೊಣಕಾಲು, ಕೈಚೀಲ, ಯಾರದೋ ಬೆನ್ನು. ನೀವು ಒಂದು ಹೆಜ್ಜೆ ಇಟ್ಟರೆ ಅದು ಹೆಚ್ಚು ಕಡಿಮೆ ಎರಡು ಇಡಬೇಕು. ಹಾಗಾಗಿ ನಿಮಗೆ ಒಂದು ಜಾಗದಿಂದ ಇನ್ನೊಂದು ಜಾಗ ಹತ್ತಿರ ಅನ್ನಿಸಿದರೂ ಮಗುವಿನ ಕಾಲಿಗೆ ಅದು ಹತ್ತಿರವಲ್ಲ.

ಇನ್ನು ನಿದ್ದೆ. ಐದು ವರ್ಷದೊಳಗಿನ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಮಾರ್ಗಸೂಚಿ ಕೊಟ್ಟಿದೆ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ, ಹಗಲು ನಿದ್ದೆಯೂ ಸೇರಿ. ರಜೆ ಅಂತ ಈ ಲೆಕ್ಕ ಬದಲಾಗುತ್ತದಾ? ಇಲ್ಲ. "ತಳ್ಳುಗಾಡಿಯಲ್ಲಿ ಕೂರಿಸಿಬಿಟ್ಟರೆ ಆಯ್ತಲ್ವಾ, ಅಲ್ಲೇ ಮಲಗುತ್ತೆ" ಅನ್ನುವವರಿಗೂ ಅದೇ ಮಾರ್ಗಸೂಚಿಯಲ್ಲಿ ಉತ್ತರ ಇದೆ. ಎಚ್ಚರ ಇರುವ ಮಗುವನ್ನು ಒಂದೇ ಸಮನೆ ಒಂದು ಗಂಟೆಗಿಂತ ಜಾಸ್ತಿ ಹೀಗೆ ಕಟ್ಟಿ ಕೂರಿಸಬಾರದು. ಅದಕ್ಕೆ ಕೈಕಾಲು ಆಡಿಸಬೇಕು, ನೆಲದ ಮೇಲೆ ಓಡಬೇಕು.

ದಣಿದ ದೊಡ್ಡವರು ಒಂದು ಕಡೆ ಕೂತುಬಿಡುತ್ತಾರೆ. ದಣಿದ ಮಗು ಹಾಗಲ್ಲ. ಅದು ಕಿರುಚುತ್ತದೆ, ನೆಲಕ್ಕೆ ಬೀಳುತ್ತದೆ, ಇಲ್ಲದ ಹುರುಪಿನಲ್ಲಿ ಓಡುತ್ತದೆ. ನಾವು ಅದನ್ನು ಹಟ ಅಂತ ಕರೆದು ಬೈಯುತ್ತೇವೆ. ಅದು ಹಟ ಅಲ್ಲ, ನಿದ್ದೆ.

ಇದು ನನಗೆ ಪುಸ್ತಕದಿಂದಷ್ಟೇ ಗೊತ್ತಾದ ವಿಷಯ ಅಲ್ಲ. ಕೆಲವು ವರ್ಷಗಳ ಹಿಂದೆ ರಜೆಗೆ ನಾವೂ ಒಂದು ದೊಡ್ಡ ಊರಿಗೆ ಹೋಗಿದ್ದೆವು. ನಾನು, ನನ್ನ ಅಮ್ಮ, ತಮ್ಮ, ಅವನ ಹೆಂಡತಿ, ಅವರ ಇಬ್ಬರು ಮಕ್ಕಳು. ಹುಡುಗನಿಗೆ ಆರು, ಹುಡುಗಿಗೆ ಮೂರು. ಪಟ್ಟಿ ಬರೆದವಳು ನಾನೇ. ಒಂದು ದಿನಕ್ಕೆ ಐದು ಜಾಗ ಬರೆದಿದ್ದೆ.

ಮೊದಲನೆಯದು ಒಂದು ಮ್ಯೂಸಿಯಂ. ಅದಕ್ಕೆ ಸುತ್ತುವ ಗಾಜಿನ ಬಾಗಿಲು. ಹುಡುಗಿ ಅಂಥದ್ದನ್ನು ಅದೇ ಮೊದಲು ನೋಡಿದ್ದು. ಅಮ್ಮನ ಕೈ ಹಿಡಿದು ಒಂದು ಸುತ್ತು ಬಂದಳು, ಇನ್ನೊಂದು ಸುತ್ತು ಬಂದಳು, ಮೂರನೆಯದಕ್ಕೆ ನಾವು ಬಿಡಲಿಲ್ಲ. ಒಳಗೆ ಹೋದ ಮೇಲೂ ಅವಳು ಏನನ್ನೂ ನೋಡಲಿಲ್ಲ, ತಿರುಗಿ ತಿರುಗಿ ಬಾಗಿಲನ್ನೇ ನೋಡುತ್ತಿದ್ದಳು. ಎರಡನೆಯದು ಒಂದು ಹಳೆಯ ಕಟ್ಟಡ, ಅದರಲ್ಲಿ ಬರೀ ಮೆಟ್ಟಿಲು. ಮೂರನೆಯದು ಒಂದು ಚೌಕ, ಮಧ್ಯದಲ್ಲಿ ಕಾರಂಜಿ. ಕಾರಂಜಿ ಅವತ್ತು ನಿಂತಿತ್ತು. ಒಬ್ಬ ಕೆಲಸದವರು ಉದ್ದನೆಯ ಪೈಪು ಹಿಡಿದು ಅದರ ಕಟ್ಟೆ ತೊಳೆಯುತ್ತಿದ್ದರು. ಅವರು ಎಳೆದಂತೆಲ್ಲ ಆ ಪೈಪು ನೆಲದ ಮೇಲೆ ಹೊರಳುತ್ತಿತ್ತು, ಒಂದು ಕಡೆ ತೂತಾಗಿ ಸಣ್ಣಗೆ ನೀರು ಚಿಮ್ಮುತ್ತಿತ್ತು. ಹುಡುಗಿ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. "ಅತ್ತೆ, ನೀರಿನ ಹಾವು!" ಅಂದಳು. ಎಷ್ಟು ಚೆನ್ನಾಗಿ ಹೇಳಿದಳು ಅಂತ ಈಗ ಅನ್ನಿಸುತ್ತದೆ. ಆಗ ನಾನು ಹೇಳಿದ್ದು, "ಬಾ ಪುಟ್ಟೀ, ಲೇಟಾಯ್ತು."

ಗಂಟೆ ಒಂದೂವರೆ. ಮನೆಯಲ್ಲಾದರೆ ಒಂದು ಗಂಟೆಗೆ ಅವಳು ಮಲಗುವ ಹೊತ್ತು. ನಾಲ್ಕನೆಯ ಜಾಗಕ್ಕೆ ಎರಡು ಗಂಟೆಯೊಳಗೆ ಹೋಗದಿದ್ದರೆ ಒಳಗೆ ಬಿಡುವುದಿಲ್ಲ. ರಸ್ತೆ ದಾಟಬೇಕು, ಎಲ್ಲಿ ನೋಡಿದರೂ ಜನ. ತಮ್ಮ ಅವಳ ಎಡಗೈ ಹಿಡಿದಿದ್ದ. ದಾರಿಯ ಮಧ್ಯೆ ಅವಳು ಕಾಲು ಮಡಚಿ ಕೂತಳು, ಸಿಗ್ನಲ್ ಬದಲಾಗುತ್ತಿತ್ತು, ಇವನು ಗಾಬರಿಯಲ್ಲಿ ಅದೇ ಒಂದು ಕೈಯನ್ನು ಹಿಡಿದು ಎತ್ತಿ ಫುಟ್‌ಪಾತಿನ ಮೇಲೆ ಇಟ್ಟ. ಅಷ್ಟೇ. ಅವಳು ಚೀರಿದ ಚೀರು ನನಗೆ ಇವತ್ತೂ ಕಿವಿಯಲ್ಲಿದೆ.

ಅತ್ತು ಅತ್ತು ಸುಮ್ಮನಾದಳು. ಆದರೆ ಎಡಗೈ ಮೇಲಕ್ಕೆ ಬರಲಿಲ್ಲ. ಸ್ವಲ್ಪ ಮಡಚಿ ಮೈಗೆ ಅಂಟಿಸಿಕೊಂಡು ನಿಂತಿದ್ದಳು. ಬಾವಿಲ್ಲ, ಗಾಯವಿಲ್ಲ. ಸುತ್ತ ಜನ ಸೇರಿದರು. ಒಬ್ಬರು ಉಜ್ಜಿ ಅಂದರು, ಒಬ್ಬರು ಕಟ್ಟು ಹಾಕಿ ಅಂದರು. ನನ್ನ ಅಮ್ಮ "ಕೈ ಮುರೀತೇನೇ?" ಅಂತ ನನ್ನ ಮುಖ ನೋಡುತ್ತಿದ್ದರು. ತಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ.

ಮುರಿದಿರಲಿಲ್ಲ. ಮೊಣಕೈಯಿಂದ ಕೆಳಗೆ ಎರಡು ಮೂಳೆ ಇವೆ ಅಲ್ವಾ, ಅದರಲ್ಲಿ ಒಂದರ ತಲೆಯನ್ನು ಮೊಣಕೈ ಹತ್ತಿರ ಉಂಗುರದ ಹಾಗೆ ಒಂದು ಪಟ್ಟಿ ಸುತ್ತಿ ಹಿಡಿದಿರುತ್ತದೆ. ಚಿಕ್ಕ ಮಕ್ಕಳಲ್ಲಿ ಈ ಉಂಗುರ ಇನ್ನೂ ಸಡಿಲ. ಕೈಯನ್ನು ಜೋರಾಗಿ ಎಳೆದರೆ ಮೂಳೆ ಜಾರಿ ಉಂಗುರ ನಡುವೆ ಸಿಕ್ಕಿಕೊಳ್ಳುತ್ತದೆ. ಒಂದರಿಂದ ನಾಲ್ಕು ವರ್ಷದವರಲ್ಲಿ ಇದು ಜಾಸ್ತಿ, ಐದು ದಾಟಿದ ಮೇಲೆ ಉಂಗುರ ಬಿಗಿಯಾಗುತ್ತದೆ. ಎಡಗೈಗೇ ಹೆಚ್ಚು ಆಗುತ್ತದೆ, ಯಾಕೆಂದರೆ ನಮ್ಮಲ್ಲಿ ಬಹಳ ಜನ ಬಲಗೈಯವರು, ನಮ್ಮ ಬಲಗೈಗೆ ಸಿಗುವುದು ಮಗುವಿನ ಎಡಗೈ.

ನೆರಳಿಗೆ ಅಂತ ಮತ್ತೆ ಆ ಕಾರಂಜಿಯ ಹತ್ತಿರವೇ ಹೋದೆವು. ಅಲ್ಲಿ ಒಂದು ಕಲ್ಲು ಬೆಂಚು. ಅವಳನ್ನು ಅಮ್ಮನ ತೊಡೆಯ ಮೇಲೆ ಕೂರಿಸಿ, ಒಂದು ಕೈಯಲ್ಲಿ ಮೊಣಕೈ ಹಿಡಿದು, ಇನ್ನೊಂದರಲ್ಲಿ ಮುಂಗೈ ತಿರುಗಿಸಿದೆ. ಸಣ್ಣದಾಗಿ ಟಕ್ ಅಂತು. ಒಮ್ಮೆ ಅತ್ತಳು. ಆಮೇಲೆ ಕಾಯಬೇಕು, ಹತ್ತು ಹದಿನೈದು ನಿಮಿಷ ಆಗಬಹುದು, ನೋವಿನ ಹೆದರಿಕೆ ಹೋಗೋವರೆಗೆ ಮಗು ಕೈ ಎತ್ತುವುದಿಲ್ಲ. ಯಾರೂ ಮಾತಾಡಲಿಲ್ಲ. ತಮ್ಮ ಒಂದೇ ಸಮ ಆ ಪುಟ್ಟ ಕೈಯನ್ನು ನೋಡುತ್ತಿದ್ದ. ಆ ಕೆಲಸದವರು ಪೈಪು ಎಳೆದುಕೊಂಡು ನಮ್ಮ ಮುಂದಿನಿಂದ ಹೋದರು. ಅವಳು ಕಣ್ಣೀರಿನಲ್ಲೇ ಎಡಗೈ ಎತ್ತಿ, ಬೆರಳು ಚಾಚಿ, "ನೀರಿನ ಹಾವು" ಅಂದಳು. ನನ್ನ ತಮ್ಮ ಅಲ್ಲೇ ಅತ್ತುಬಿಟ್ಟ.

ನಾಲ್ಕನೆಯ ಜಾಗಕ್ಕೆ ನಾವು ಹೋಗಲಿಲ್ಲ. ಅವಳು ಅದೇ ಬೆಂಚಿನ ಮೇಲೆ ಎರಡು ಗಂಟೆ ನಿದ್ದೆ ಮಾಡಿದಳು. ಹುಡುಗ ಅಜ್ಜಿಯ ಪಕ್ಕ ಕೂತು ಹೋಗಿಬರುವ ಬಸ್ಸು ಎಣಿಸಿದ. ಮರುದಿನದಿಂದ ದಿನಕ್ಕೆ ಒಂದೇ ಜಾಗ. ಊರಿಗೆ ಬಂದ ಮೇಲೆ ಏನು ನೋಡಿದೆಯೋ ಅಂತ ಯಾರು ಕೇಳಿದರೂ ಹುಡುಗ ಮೊದಲು ಹೇಳುತ್ತಿದ್ದದ್ದು ಬಸ್ಸಿನ ಲೆಕ್ಕ.

ಹೀಗೆ ಜಾರಿದ ಮೊಣಕೈಯನ್ನು ಮನೆಯಲ್ಲಿ ನೀವೇ ತಿರುಗಿಸಲು ಹೋಗಬೇಡಿ. ದಯವಿಟ್ಟು. ಮಗು ಬಿದ್ದಿದ್ದರೆ, ಬಾವು ಬಂದಿದ್ದರೆ ಅದು ಮೂಳೆ ಮುರಿತವೂ ಆಗಿರಬಹುದು, ಆಗ ತಿರುಗಿಸಿದರೆ ಕೆಲಸ ಕೆಡುತ್ತದೆ. ಡಾಕ್ಟರ ಹತ್ತಿರ ಹೋಗಿ. ಒಂದು ಸಲ ಜಾರಿದ ಮೊಣಕೈ ಮತ್ತೆ ಜಾರುವುದೂ ಉಂಟು. ಎತ್ತುವಾಗ ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿ. ಅಪ್ಪ ಒಂದು ಕೈ, ಅಮ್ಮ ಒಂದು ಕೈ ಹಿಡಿದು ಜೋಕಾಲಿ ಆಡಿಸುತ್ತೀರಲ್ಲ, ಅದೂ ಬೇಡ. ರಜೆ ಮುಗಿದ ವಾರ ನನ್ನ ಹತ್ತಿರ ಬರುವ ಮೊಣಕೈಗಳ ಕಥೆ ಕೇಳಿದರೆ ಪ್ರತಿಯೊಂದರಲ್ಲೂ ಅದೇ ಇರುತ್ತದೆ. ಮಧ್ಯಾಹ್ನ, ನಿದ್ದೆಗೆಟ್ಟ ಮಗು, ಮೂರನೆಯ ಇಲ್ಲವೇ ನಾಲ್ಕನೆಯ ಜಾಗ. ಯಾವ ಅಪ್ಪನೂ ಕೆಟ್ಟವನಲ್ಲ. ಪಟ್ಟಿ ಉದ್ದ, ಅಷ್ಟೇ.

ಹಾಗಾದರೆ ದಿನ ಹೇಗೆ ಕಳೆಯೋದು? ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಆ ಒಂದು ಜಾಗದಲ್ಲಿ ಇರಿ, ಜನ ಕಡಿಮೆ ಇರುತ್ತಾರೆ, ಮಗುವೂ ಹೊಸದಾಗಿ ಎದ್ದಿರುತ್ತದೆ. ಅಲ್ಲಿ ಅದು ಸುತ್ತುವ ಬಾಗಿಲನ್ನೇ ಅರ್ಧ ಗಂಟೆ ನೋಡಿದರೆ ನೋಡಲಿ. ಹೊಟ್ಟೆ ತುಂಬಿಸಿ, ಮಧ್ಯಾಹ್ನ ರೂಮಿಗೆ ವಾಪಸ್ ಬನ್ನಿ. ಪರದೆ ಎಳೆದು, ಟಿವಿ ಆರಿಸಿ, ನೀವೂ ಪಕ್ಕದಲ್ಲಿ ಮಲಗಿ. ಸಂಜೆ ಎದ್ದು ರೂಮಿನ ಸುತ್ತಮುತ್ತಲೇ ಒಂದು ನಡಿಗೆ, ದೀಪ ಇದ್ದರೆ ದೀಪ. ಅದಕ್ಕೇ ರೂಮು ಹಿಡಿಯುವಾಗ ಸ್ವಲ್ಪ ಸಣ್ಣದಾದರೂ ನೀವು ನೋಡಬೇಕಾದ ಕಡೆಗೆ ಹತ್ತಿರ ಇರೋದನ್ನೇ ಹಿಡಿಯಿರಿ. ದೂರದ ದೊಡ್ಡ ರೂಮಿಗೆ ಮಧ್ಯಾಹ್ನ ಯಾರೂ ವಾಪಸ್ ಬರುವುದಿಲ್ಲ, ನಾನು ನೋಡಿದ್ದೇನೆ.

ಇನ್ನೊಂದು ಮಾತು, ಕೆಲವರಿಗೆ ಬೇಜಾರಾಗಬಹುದು. ನಮ್ಮಲ್ಲಿ ಬಹಳ ಜನರಿಗೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ಏನೂ ನೆನಪಿರುವುದಿಲ್ಲ. ನಿಮ್ಮ ಎರಡು ವರ್ಷದ ಮಗುವಿಗೂ ಈ ಪ್ರವಾಸ ದೊಡ್ಡದಾದ ಮೇಲೆ ನೆನಪಿರುವುದಿಲ್ಲ. ಐದು ಜಾಗದ ಮುಂದೆ ನಿಲ್ಲಿಸಿ ಫೋಟೋ ತೆಗೆದರೆ ಅದು ನಿಮಗೆ. ಮಗುವಿಗೆ ಇರೋದು ಇವತ್ತು ಮಾತ್ರ, ಇವತ್ತು ಅದು ನಕ್ಕರೆ ಸಾಕಲ್ವಾ?

ಆ ಕಡೆ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಟೈಮ್ ಆಗುತ್ತಾ ಬಂತು. ಬರೆದುಕೊಂಡು ಬಂದದ್ದು ಇನ್ನೂ ಇದೆ, ಬೇಗ ಬೇಗ ಹೇಳುತ್ತೇನೆ.

ವಿಮಾನದಲ್ಲಿ ಹೋಗುವವರೇ, ಕಿವಿ ನೋವು ಬರುವುದು ಹೆಚ್ಚಾಗಿ ಇಳಿಯುವಾಗ. ಆಗ ಮಗು ಮಲಗಿದ್ದರೆ ಎಬ್ಬಿಸಿ, ಹಾಲೋ ನೀರೋ ಕುಡಿಸಿ, ನುಂಗುತ್ತಿದ್ದರೆ ಕಿವಿ ತೆರೆದುಕೊಳ್ಳುತ್ತದೆ. ಬಸ್ಸು, ಕಾರಿನಲ್ಲಿ ವಾಂತಿ ಮಾಡುವವರು ಎರಡರಿಂದ ಹನ್ನೆರಡು ವರ್ಷದ ಮಕ್ಕಳೇ ಜಾಸ್ತಿ. ಮೊಬೈಲ್ ಕೊಡಬೇಡಿ, ಕಿಟಕಿಯಿಂದ ದೂರ ನೋಡಲಿ. ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ ಬ್ಯಾಗಿನಲ್ಲೇ ಇರಲಿ. ಅದು ಸಿಗದೇ ಹೋದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗುಪ್ಪೆಯಾಗಿರಬಾರದು, ಸಮ ಇರಬೇಕು. ಹಬ್ಬದ ಬೀದಿಯಲ್ಲಿ ಬಲೂನು ಕೊಡಿಸುತ್ತೀರಿ, ಸರಿ, ಒಡೆದ ತಕ್ಷಣ ಚೂರುಗಳನ್ನು ಆರಿಸಿ ಬಿಸಾಕಿ, ಅದು ಗಂಟಲಿಗೆ ಅಂಟಿದರೆ ಉಸಿರು ಕಟ್ಟುತ್ತದೆ. ಎಸ್ಕಲೇಟರಿನಲ್ಲಿ ತಳ್ಳುಗಾಡಿ ಬೇಡ, ಲಿಫ್ಟ್ ಹುಡುಕಿ.

ಕೊನೆಯದು, ಕಳೆದುಹೋಗುವ ಮಾತು. ಇದನ್ನು ಅಜ್ಜ ಅಜ್ಜಿಯರೂ ಕೇಳಿ. ಮಗುವಿಗೆ ಒಂದೇ ಪಾಠ ಕಲಿಸಿ. ನಾವು ಕಾಣದೇ ಹೋದರೆ ಎಲ್ಲಿದ್ದೀಯೋ ಅಲ್ಲೇ ನಿಲ್ಲು, ನಾವು ಬರುತ್ತೇವೆ. ಹುಡುಕಿಕೊಂಡು ಹೋಗಬೇಡ. ಅಂಗಿಯ ಒಳಭಾಗದಲ್ಲಿ ಫೋನ್ ನಂಬರ್ ಬರೆಯಿರಿ. ಹೆಸರನ್ನು ಹೊರಗೆ ಕಾಣುವ ಹಾಗೆ ಬರೆಯಬೇಡಿ, ಹೆಸರು ಹಿಡಿದು ಕರೆದವರನ್ನೆಲ್ಲ ಮಗು ನಂಬಿಬಿಡುತ್ತದೆ. ಮತ್ತೆ, ಪ್ರತಿದಿನ ಬೆಳಿಗ್ಗೆ ರೂಮಿನಿಂದ ಹೊರಡುವ ಮುಂಚೆ ಬಾಗಿಲ ಹತ್ತಿರ ನಿಲ್ಲಿಸಿ ತಲೆಯಿಂದ ಕಾಲಿನವರೆಗೆ ಒಂದು ಫೋಟೋ ತೆಗೆದುಕೊಳ್ಳಿ. ಗುಂಪಿನಲ್ಲಿ ಯಾರಾದರೂ "ಮಗು ಯಾವ ಬಟ್ಟೆ ಹಾಕಿತ್ತು?" ಅಂದರೆ ಗಾಬರಿಯಲ್ಲಿ ಹೆತ್ತ ತಾಯಿಗೂ ಬಣ್ಣ ನೆನಪಾಗುವುದಿಲ್ಲ. ಆ ಫೋಟೋ ಮೊಬೈಲಿನಲ್ಲಿದ್ದರೆ ತೋರಿಸಿದರಾಯಿತು.

ಹೋಗಿ ಬನ್ನಿ. ನಮಸ್ಕಾರ.