ಹಳ್ಳಿ ಪಾಲಿಕೆಗಿ ಹೋತು, ಟೀಮ್ ದಿಲ್ಲಿಗಿ ಹೋತು, ನಮ್ಮನ್ನ ಯಾರ್ ಕೇಳಿದ್ರು?

ಶರಣ್ರಿ ಎಲ್ಲಾರ್ಗೂ. ಇವತ್ತು ಎರಡು ವಿಷಯ ಕೂಡ್ಸಿ ಮಾತಾಡ್ತೀನಿ, ಒಂದು ನಮ್ಮ ಬೀದರ ಕಾರ್ಪೊರೇಷನ್, ಇನ್ನೊಂದು ಫುಟ್‌ಬಾಲ್. ಇವೆರಡಕ್ಕ ಏನ್ ಸಂಬಂಧ ಅಂತ ಈಗ್ಲೇ ಕಾಮೆಂಟ್ ಹಾಕಬ್ಯಾಡ್ರಿ, ಸ್ವಲ್ಪ ತಡಕೋರಿ.

ಬೀದರ ನಗರಸಭೆನ ಮಹಾನಗರ ಪಾಲಿಕೆ ಮಾಡ್ಲಿಕ್ಕ 2025ರಾಗ ಸಂಪುಟ ಒಪ್ಪಿಗಿ ಕೊಡ್ತು, ಎಲ್ಲಾರೂ ಸ್ಟೇಟಸ್ ಹಾಕ್ಕೊಂಡ್ರು, ನಂಗೂ ಖುಷಿನೇ ಆತು, ಸುಳ್ಳ್ಯಾಕ್ ಹೇಳ್ಲಿ. ಆದ್ರ ಒಂದು ಲೆಕ್ಕ ನೋಡ್ರಿ. ಕಾನೂನು ಪ್ರಕಾರ ಪಾಲಿಕೆ ಆಗಬೇಕಂದ್ರ ಕಮ್ಮಿ ಅಂದ್ರೂ 3 ಲಕ್ಷ ಮಂದಿ ಇರಬೇಕು, 2011ರ ಜನಗಣತಿಯಾಗ ಬೀದರ ಸಿಟಿಯಾಗ ಇದ್ದದ್ದು 2 ಲಕ್ಷ ಚಿಲ್ಲರ. ಉಳಿದ ಮಂದಿ ಎಲ್ಲಿಂದ ತರೋದು? ಸುತ್ತಿನ ಹಳ್ಳಿಯಿಂದ. ನಮ್ಮದೂ ಸಿಟಿಗಿ ಹತ್ತಿಕೊಂಡೇ ಇರೋ ಊರು, ಹೆಸರು ಹೇಳಲ್ಲ, ಆಮ್ಯಾಲ ಊರಾಗ ತಿರುಗಾಡೋದು ಕಷ್ಟ ಆಗ್ತದ. ಹಳ್ಳಿಗಿ ನಳ ಹಾಕಬೇಕು, ನಾಲಿ ಕಟ್ಟಬೇಕು ಅಂತ ಸೇರ್ಸ್ಕೊಂಡದ್ದು ಕಮ್ಮಿ, ತಲಿ ಲೆಕ್ಕ ತುಂಬ್ಸಾಕ ಸೇರ್ಸ್ಕೊಂಡದ್ದೇ ಜಾಸ್ತಿ ಅಂತ ನಂಗ ಅನಸ್ತದ, ನಿಮಗ ಬ್ಯಾರೆ ಅನಿಸಿದ್ರ ಬರೀರಿ, ಓದ್ತೀನಿ.

ಸೇರ್ಸ್ಕೊಂಡ್ರ ಏನ್ ಬದಲಾಗ್ತದ? ಒಂದು, ಉದ್ಯೋಗ ಖಾತ್ರಿ ಕೆಲಸ ಹಳ್ಳಿಗಿ ಮಾತ್ರ, ಪಾಲಿಕೆ ಅಂದ್ ಕೂಡ್ಲೇ ಅದು ಬಂದ್. ಹೊಲ ಇಲ್ದೋರು ಬ್ಯಾಸಗ್ಯಾಗ ಕೆರಿ ಹೂಳು ತೆಗದು ನಾಕು ದುಡ್ಡು ನೋಡ್ತಿದ್ರು, ಅವ್ರು ಎಲ್ಲಿಗಿ ಹೋಗ್ಬೇಕು? ಮನಿ ತೆರಗಿ ಏರ್ತದ, ಅದು ಗೊತ್ತಿರೋದೇ, ಅದರ ಬಗ್ಗೆ ಅಳಾಕ ಹೋಗಲ್ಲ, ರೋಡು ನೀರು ಬಂದ್ರ ಕಟ್ಟೋಣು.

ಆದ್ರ ಖರೇ ಹೊಡ್ತ ಬೀಳೋದು ಮೆಂಬರ್ ವಿಷಯದಾಗ. ಗ್ರಾಮ ಪಂಚಾಯ್ತಿಯಾಗ ಹತ್ರ ಹತ್ರ 400 ಮಂದಿಗಿ ಒಬ್ಬ ಮೆಂಬರ್. ಅಂದ್ರ ಅವನ ಮನಿ ನಿಮ್ಮ ಓಣ್ಯಾಗೇ, ಲೈಟ್ ಹೋದ್ರ ಬಾಗಲಾ ಬಡೀಬಹುದು, ಅವ್ರವ್ವಗ ಹೇಳಿ ಬೈಸ್ಬಹುದು. ಪಾಲಿಕೆಯಾಗ? ಪಕ್ಕದ ಕಲಬುರಗಿ ನೋಡ್ರಿ, 55 ವಾರ್ಡು, 2011ರಾಗ 5 ಲಕ್ಷ 30 ಸಾವಿರದ ಮ್ಯಾಲ ಮಂದಿ, ಭಾಗಿಸಿದ್ರ ಒಂದು ವಾರ್ಡಿಗಿ ಸುಮಾರು 9,700. ನಾನೂರಕ್ಕ ಒಬ್ಬ ಇದ್ದಾಂವ ಹತ್ ಸಾವಿರಕ್ಕ ಒಬ್ಬ ಆಗ್ತಾನ. ಅವನ ಫೋನ್ ಹತ್ತಂಗಿಲ್ಲ ಬಿಡ್ರಿ.

ಅದೂ ಚುನಾವಣಿ ಆದ್ರ. ಬೆಂಗಳೂರಾಗ ಏನಾತು? 2007ರಾಗ ಸುತ್ತಿನ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರ್ಸಿ ಬಿಬಿಎಂಪಿ ಮಾಡಿದ್ರು. 2020ರ ಸೆಪ್ಟೆಂಬರ್‌ಗಿ ಕಾರ್ಪೊರೇಟರ್‌ಗಳ ಅವಧಿ ಮುಗೀತು, ಆಮ್ಯಾಲ ಐದು ವರ್ಷ ಅಧಿಕಾರಿಗಳೇ ನಡೆಸಿದ್ರು, 2025ರ ಸೆಪ್ಟೆಂಬರ್‌ದಾಗ ಅದನ್ನೇ ಒಡದು ಐದು ಪಾಲಿಕೆ ಮಾಡಿದ್ರು. ಕೂಡ್ಸಿದ್ದೂ ಅವ್ರೇ, ಒಡದದ್ದೂ ಅವ್ರೇ, ನಡುವ ಐದು ವರ್ಷ ವೋಟು ಹಾಕೋ ಕೆಲಸನೇ ಇರ್ಲಿಲ್ಲ ಪಾಪ ಅಲ್ಲಿ ಮಂದಿಗಿ. ಧಾರವಾಡದ್ದೂ ಅದೇ ಕಥಿ, 1962ರಾಗ ಹುಬ್ಬಳ್ಳಿ ಜೋಡಿ ಕಟ್ಟಿದ್ರು, ಈಗ 2025ರಾಗ ಧಾರವಾಡಕ್ಕ ಬ್ಯಾರೆ ಪಾಲಿಕೆ ಅಂತ ಒಪ್ಪಿಗಿ. ಇಂಗ್ಲೆಂಡಿನಾಗ ರಟ್ಲೆಂಡ್ ಅಂತ ಒಂದು ಸಣ್ಣ ಕೌಂಟಿ ಅದ, 1974ರಾಗ ಅದನ್ನ ಲೆಸ್ಟರ್‌ಶೈರ್ ಒಳಗ ಸೇರ್ಸಿದ್ರು, 1997ರಾಗ ವಾಪಸ್ ಬ್ಯಾರೆ ಆತು. ಅಲ್ಲಿ ಈಗ ಮತ್ತ ಹೊಸ ಸುತ್ತು ನಡದದ, ಜಿಲ್ಲಾ ಕೌನ್ಸಿಲ್‌ಗಳನ್ನ ಕೂಡ್ಸಿ ಸುಮಾರು 5 ಲಕ್ಷ ಮಂದಿಗಿ ಒಂದು ದೊಡ್ಡ ಕೌನ್ಸಿಲ್ ಮಾಡ್ಬೇಕಂತ.

ಈಗ ಫುಟ್‌ಬಾಲ್‌ಗಿ ಬರ್ತೀನಿ. ನಮಗ ಬೀದರದಿಂದ ಬೆಂಗಳೂರಿಗಿಂತ ಹೈದ್ರಾಬಾದ್ ಹತ್ರ, ದವಾಖಾನಿಗೂ ಅಲ್ಲಿಗೇ, ಮದಿವಿ ಬಟ್ಟಿಗೂ ಅಲ್ಲಿಗೇ. ಹಂಗಾಗಿ ಐಎಸ್‌ಎಲ್‌ದಾಗ, ಅಂದ್ರ ನಮ್ಮ ದೇಶದ ದೊಡ್ಡ ಫುಟ್‌ಬಾಲ್ ಲೀಗಿನಾಗ, ನಮ್ಮ ಹುಡುಗ್ರ ಟೀಮ್ ಹೈದರಾಬಾದ್ ಎಫ್‌ಸಿ. 2022ರ ಮಾರ್ಚ್ 20, ಗೋವಾದಾಗ ಫೈನಲ್, ಕೇರಳ ಬ್ಲಾಸ್ಟರ್ಸ್ ಮ್ಯಾಲ 1-1, ಪೆನಾಲ್ಟಿಯಾಗ 3-1. ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಮೂರು ಪೆನಾಲ್ಟಿ ತಡದ. ಅಂವ ಗೋವಾದಾಂವ ಖರೆ, ಆದ್ರ ಅಡ್ಡಹೆಸರು ಕೇಳ್ರಿ, ಕಟ್ಟಿಮನಿ! ನಮ್ಮಂವ ಅಂತ ನಾವೇ ಠರಾವು ಪಾಸ್ ಮಾಡ್ಕೊಂಡಿದ್ವಿ.

ಆಮ್ಯಾಲ ಪ್ಲೇಯರ್‌ಗಳ ಪಗಾರ ಬಾಕಿ, ಹೊಸ ಪ್ಲೇಯರ್ ತಗೊಳಾಕ ನಿಷೇಧ, ಟೀಮ್ ಕೈ ಬದಲಾತು, 2025ರಾಗ ಟೀಮ್ ಎತ್ತಿ ದಿಲ್ಲಿಗಿ ಒಯ್ದು ಸ್ಪೋರ್ಟಿಂಗ್ ಕ್ಲಬ್ ದಿಲ್ಲಿ ಅಂತ ಹೆಸರಿಟ್ರು. ಕಪ್ ಗೆದ್ದ ಊರಿಗಿ ಟೀಮೇ ಇಲ್ಲ. ಹಂಗಂತ ನಾವೇನ್ ಬರೇ ಪಾಪದೋರಲ್ಲ, ಹೈದರಾಬಾದ್ ಟೀಮ್ ಹುಟ್ಟಿದ್ದೇ 2019ರಾಗ ಪುಣೆ ಸಿಟಿ ಟೀಮ್ ಮುಚ್ಚಿದ ಜಾಗದಾಗ, ಅವತ್ತು ಪುಣೆ ಮಂದಿ ಅತ್ತಾಗ ಇಲ್ಲಿ ಯಾರೂ ಹೋಗಿ ಮಾತಾಡ್ಸಿಲ್ಲ.

ಪುಣೆ ಅಂದ್ ಕೂಡ್ಲೇ ನೆನಪಾತು. ಬ್ಲ್ಯಾಕ್‌ಬರ್ನ್ ರೋವರ್ಸ್ ಅಂತ ಇಂಗ್ಲೆಂಡಿನ ಟೀಮ್, 1995ರ ಪ್ರೀಮಿಯರ್ ಲೀಗ್ ಚಾಂಪಿಯನ್. 2010ರಾಗ ನಮ್ಮ ಪುಣೆಯ ವೆಂಕಿಸ್, ಅದೇ ಚಿಕನ್ ವೆಂಕಿಸ್, ಅದನ್ನ ಖರೀದಿ ಮಾಡ್ತು. ತಿಂಗಳೊಪ್ಪತ್ತಿನಾಗ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್‌ನ ತೆಗದ್ರು, 2012ರಾಗ ಟೀಮ್ ಕೆಳಗಿನ ಲೀಗಿಗಿ ಬಿತ್ತು, ಹಂಗ ಬಿದ್ದ ಮ್ಯಾಚಿನಾಗ ಸಿಟ್ಟಿಗೆದ್ದ ಮಂದಿ ಜೀವಂತ ಕೋಳಿ ಗ್ರೌಂಡಿನಾಗ ಬಿಟ್ರು! ನಗಬ್ಯಾಡ್ರಿ. ಅವ್ರ ಕೈಯಾಗ ಇದ್ದದ್ದು ಕೋಳಿ ಅಷ್ಟೇ, ವೋಟು ಇರ್ಲಿಲ್ಲ.

ಜರ್ಮನಿಯಾಗ ಬ್ಯಾರೆ ಪದ್ಧತಿ. 1998ರಿಂದ 50+1 ಅಂತ ನಿಯಮ, ರೊಕ್ಕ ಯಾರದೇ ಇರ್ಲಿ, ಅರ್ಧಕ್ಕಿಂತ ಜಾಸ್ತಿ ವೋಟು ಕ್ಲಬ್ಬಿನ ಸದಸ್ಯರ ಕೈಯಾಗೇ ಇರಬೇಕು. ಲೆವರ್‌ಕುಸೆನ್, ವುಲ್ಫ್ಸ್‌ಬರ್ಗ್‌ನಂಥ ಒಂದೆರಡಕ್ಕ ವಿನಾಯ್ತಿ ಅದ. ರೊಕ್ಕ ಕಮ್ಮಿ ಬರ್ತದ ಅಂತಾರ, ಬರ್ಲಿ ಬಿಡ್ರಿ, ರಾತ್ರೋರಾತ್ರಿ ಟೀಮ್ ಎತ್ಕೊಂಡು ಯಾರೂ ಓಡಂಗಿಲ್ಲ.

ಹಳ್ಳಿ ಸೇರ್ಸೋದ್ರಾಗ ಹಿಂಗೇನೂ ಇಲ್ಲ. ಸರ್ಕಾರ ಕರಡು ಹೊರಡಸ್ತದ, ಆಕ್ಷೇಪಣಿ ಕರೀತದ, ನೀವು ಅರ್ಜಿ ಕೊಡ್ತೀರಿ, ಅವ್ರು ಫೈಲಿಗಿ ಹಚ್ತಾರ, ಮುಗೀತು. ಗ್ರಾಮಸಭಾ ಕರದು ಕೈ ಎತ್ತಿಸಿ ಬೇಕಾ ಬ್ಯಾಡಾ ಅಂತ ಕೇಳಬೇಕು ಅನ್ನೋದು ನನ್ನ ಮಾತು, ಬ್ಯಾಡ ಅಂತ ಬಂದ್ರ ಎರಡು ವರ್ಷ ಬಿಟ್ಟು ಮತ್ತ ಕೇಳ್ರಿ, ಅವಸರ ಏನದ? ನಮ್ಮೂರಾಗ ಕೇಳಿದ್ರ ನಾನು ಬೇಕು ಅಂತಲೇ ಕೈ ಎತ್ತತಿದ್ದೆ, ಆ ಮಾತು ಬ್ಯಾರೆ.

ಈಗ ಆಗೋದು ಆಗ್ಯದ. ಮುಂದ ವಾರ್ಡ್ ಗಡಿ ಕರಡು ಬಂದಾಗ ನಮ್ಮ ಹಳ್ಳಿನ ಅರ್ಧಕ್ಕ ಸೀಳಿ ಎರಡು ವಾರ್ಡಿಗಿ ಹಂಚ್ಯಾರೇನು, ಮೀಸಲಾತಿ ಏನ್ ಬಂದದ, ಅದನ್ನ ಕಣ್ಣಾಗ ಎಣ್ಣಿ ಹಾಕ್ಕೊಂಡು ನೋಡ್ರಿ, ತಪ್ಪಿದ್ರ ಬರದು ಕೊಟ್ಟು ಸ್ವೀಕೃತಿ ತಗೋರಿ. ಬಾಯಿ ಮಾತಿನಾಗ ಹೇಳಿ ಬರಬ್ಯಾಡ್ರಿ. ಅರ್ಜಿ ಹೆಂಗ ಬರೀಬೇಕು ಅಂತ ಬೇಕಾದ್ರ ಕೆಳಗ ಹೇಳ್ರಿ, ಮುಂದಿನ ವಿಡಿಯೋದಾಗ ಅದನ್ನೇ ಮಾಡ್ತೀನಿ.