ಎರಡನೇ ಸಲ ಎಂಟು ಹಾಕುವಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಲೈಸೆನ್ಸ್ ಟೆಸ್ಟಿಗೆ ಹೋಗಿ, ಒಮ್ಮೆ ಫೇಲ್ ಆಗಿ, ಮತ್ತೆ ಹೋಗಬೇಕಾದವರ ಜೊತೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ಬೈಕ್ ಇರಲಿ, ಸ್ಕೂಟರ್ ಇರಲಿ, ಮಾತು ಒಂದೇ. ಟೆಸ್ಟಿನಲ್ಲಿ ಇಂಗ್ಲಿಷಿನ 8ರ ಆಕಾರದಲ್ಲಿ, ಕಾಲು ನೆಲಕ್ಕೆ ತಾಗಿಸದೆ ಗಾಡಿ ತಿರುಗಿಸಬೇಕು; ನಮ್ಮ ಕಡೆ ಇದಕ್ಕೆ "ಎಂಟು ಹಾಕೋದು" ಅಂತಲೇ ಹೇಳುತ್ತೇವೆ. ನಾನು ನಮ್ಮ ಓಣಿಯ ಹೆಣ್ಣುಮಕ್ಕಳಿಗೆ, ಕಾಲೇಜು ಹುಡುಗ ಹುಡುಗಿಯರಿಗೆ ಗಾಡಿ ಕಲಿಸುತ್ತಾ ಬಂದವಳು. ಕಲಬುರಗಿಯಲ್ಲಿ ಗಾಡಿ ಬರದಿದ್ದರೆ ಎಷ್ಟು ಕೆಲಸ ನಿಲ್ಲುತ್ತವೆ ಅನ್ನೋದು ನಿಮಗೂ ಗೊತ್ತು. ಸೂಪರ್ ಮಾರ್ಕೆಟ್‌ಗೆ ಹೋಗಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು, ಅವ್ವನನ್ನು ಸೇಡಂ ರಸ್ತೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಪ್ರತಿ ಸಲ ಆಟೋಗೆ ಕೈ ಮಾಡೋದು, ಇಲ್ಲಾ ಮನೆಯ ಗಂಡಸರಿಗೆ ಬಿಡುವಾಗಲಿ ಅಂತ ಕಾಯೋದು. ಅದಕ್ಕೇ ಈ ಸಣ್ಣ ಟೆಸ್ಟು ನನಗೆ ಸಣ್ಣದಾಗಿ ಕಾಣುವುದಿಲ್ಲ.

ಮೊದಲ ಸಲ ಟೆಸ್ಟಿಗೆ ಹೋಗುವವರಿಗೆ ಅಲ್ಲಿ ಏನಾಗುತ್ತದೆ ಅಂತಲೇ ಗೊತ್ತಿರುವುದಿಲ್ಲ. ಹೆದರಿಕೆ ಇರುತ್ತದೆ, ಆದರೆ ಅದಕ್ಕೆ ಗೊತ್ತುಗುರಿ ಇರುವುದಿಲ್ಲ. ಎರಡನೇ ಸಲ ಹೋಗುವವರಿಗೆ ಎಲ್ಲವೂ ಗೊತ್ತು. ಯಾವ ತಿರುವಿನಲ್ಲಿ ಕಾಲು ನೆಲಕ್ಕೆ ತಾಗಿತು, ಆಗ ಪಕ್ಕದಲ್ಲಿ ಯಾರು ನಿಂತಿದ್ದರು, ಟೆಸ್ಟು ಮಾಡುವ ಸಾಹೇಬರು ಪೆನ್ನಿನಿಂದ ಏನೋ ಬರೆದುಕೊಂಡರು, ಎಲ್ಲಾ ಕಣ್ಣಿಗೆ ಕಟ್ಟಿರುತ್ತದೆ. ಮನೆಯಲ್ಲಿ ಚೆನ್ನಾಗಿ ಗಾಡಿ ಓಡಿಸುವವರು ಕೂಡ ಆ ತಿರುವು ಬಂದ ಕೂಡಲೇ ಬಿಗಿಯಾಗುತ್ತಾರೆ. ಇಂಥವರನ್ನು ನಾನು ಬಹಳ ನೋಡಿದ್ದೇನೆ. ಇವರಿಗೆ ಗಾಡಿ ಓಡಿಸಲು ಬರುತ್ತದೆ. ನಾಲ್ಕು ಜನ ನೋಡುವಾಗ ಓಡಿಸೋದು ಮಾತ್ರ ಇನ್ನೂ ರೂಢಿಯಾಗಿಲ್ಲ. ರೂಢಿ ಮಾಡಿಕೊಂಡರೆ ಅದೂ ಬರುತ್ತದೆ. ನಾನು ಇವತ್ತು ಹೇಳಬೇಕಾದದ್ದು ಮುಖ್ಯವಾಗಿ ಇದೇ.

ಮೊದಲು ಕಾಯ್ದೆಯ ಮಾತು ಸ್ವಲ್ಪ ಹೇಳಿಬಿಡುತ್ತೇನೆ, ಯಾಕಂದರೆ ಅದರಲ್ಲೇ ಒಂದು ಸಮಾಧಾನ ಇದೆ. 1988ರ ಮೋಟಾರು ವಾಹನ ಕಾಯ್ದೆಯ 9ನೇ ಕಲಂ ಪ್ರಕಾರ, ಟೆಸ್ಟಿನಲ್ಲಿ ಪಾಸಾಗದವರು 7 ದಿನ ಕಳೆದ ಮೇಲೆ ಮತ್ತೆ ಬರಬಹುದು. ಮೂರು ಸಲವೂ ಆಗದಿದ್ದರೆ, ಕೊನೆಯ ಟೆಸ್ಟಿನಿಂದ 60 ದಿನ ಕಾಯಬೇಕು. ಅಂದರೆ ಜನ ಒಂದೇ ಸಲಕ್ಕೆ ಪಾಸಾಗುವುದಿಲ್ಲ ಅನ್ನೋದು ಕಾಯ್ದೆ ಬರೆದವರಿಗೂ ಗೊತ್ತಿತ್ತು. ಫೇಲ್ ಆಗೋದು ನಾಚಿಕೆಯ ವಿಷಯ ಆಗಿದ್ದರೆ ಅದಕ್ಕೆ ಕಾಯ್ದೆಯಲ್ಲಿ ಜಾಗ ಯಾಕೆ ಇಡುತ್ತಿದ್ದರು? ನಿಮ್ಮ ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, 6 ತಿಂಗಳ ಅವಧಿ ಇರುತ್ತದೆ. ಅದು ಪಡೆದು 30 ದಿನ ಆದ ಮೇಲೆ ಟೆಸ್ಟು. ಹಾಗಾಗಿ ಸಮಯ ಇದೆ. ಎಲ್‌ಎಲ್‌ಆರ್ ಮೇಲಿನ ಕೊನೆಯ ದಿನಾಂಕ ಒಮ್ಮೆ ನೋಡಿಕೊಳ್ಳಿ, ಅಷ್ಟು ಸಾಕು. ಏಳನೇ ದಿನ ಮುಗಿದ ಕೂಡಲೇ ಓಡಿ ಹೋಗಲೇಬೇಕು ಅಂತ ಏನಿಲ್ಲ. ತಯಾರಿ ಆಗಿಲ್ಲ ಅನಿಸಿದರೆ ಎರಡು ವಾರ ಬಿಟ್ಟೇ ಸ್ಲಾಟ್, ಅಂದರೆ ಟೆಸ್ಟಿನ ದಿನ ಮತ್ತು ಸಮಯ, ತೆಗೆದುಕೊಳ್ಳಿ.

ಈಗ ಹೆದರಿಕೆ ಮೈಯಲ್ಲಿ ಏನು ಮಾಡುತ್ತದೆ ನೋಡೋಣ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲುಸಿರಾಗುತ್ತದೆ, ಅಂಗೈ ಬೆವರುತ್ತದೆ. ಇಲ್ಲಿಯವರೆಗೆ ಏನೂ ತೊಂದರೆ ಇಲ್ಲ. ತೊಂದರೆ ಬರೋದು ಹೆಗಲು ಮತ್ತು ತೋಳು ಬಿಗಿಯಾದಾಗ. ನಿಧಾನವಾಗಿ ಹೋಗುವ ಗಾಡಿ ಬೀಳದೆ ನಿಲ್ಲಬೇಕಾದರೆ ಹ್ಯಾಂಡಲ್ ಸ್ವಲ್ಪ ಸ್ವಲ್ಪ ಅತ್ತಿತ್ತ ಆಡುತ್ತಲೇ ಇರಬೇಕು. ತೋಳು ಕಟ್ಟಿಗೆಯಾದರೆ ಹ್ಯಾಂಡಲ್ ಆಡುವುದಿಲ್ಲ. ಗಾಡಿ ವಾಲುತ್ತದೆ, ಕಾಲು ತಾನಾಗಿಯೇ ಇಳಿಯುತ್ತದೆ. ಜೊತೆಗೆ ಕಣ್ಣು ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಚಕ್ರ ನೋಡಿಕೊಂಡು ಹೋದರೆ ಯಾರಿಗೂ ದುಂಡಗೆ ತಿರುಗಲು ಬರುವುದಿಲ್ಲ.

ಇದಕ್ಕೆ ಮದ್ದು ಉಸಿರಿನಲ್ಲಿದೆ. ಉಸಿರು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ನಾಲ್ಕು ಎಣಿಸುತ್ತಾ ಒಳಗೆ, ಆರೋ ಏಳೋ ಎಣಿಸುತ್ತಾ ಹೊರಗೆ. ಉದ್ದ ಉಸಿರು ಬಿಡುವಾಗ ಎದೆಬಡಿತ ಇಳಿಯುತ್ತದೆ. ಬಿಡುವಾಗಲೇ ಹೆಗಲು ಕೆಳಗೆ ಬಿಡಿ, ಮೊಣಕೈ ಸಡಿಲ ಮಾಡಿ. ಸಾಲಿನಲ್ಲಿ ಕಾಯುವಾಗ ಇದನ್ನು ಹತ್ತು ಸಲ ಮಾಡಿದರೂ ಪಕ್ಕದವರಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ನಾವು ಹೆದರಿದವರಿಗೆ "ಸಮಾಧಾನ, ಸಮಾಧಾನ" ಅನ್ನುತ್ತೇವೆ. 2014ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಲಿಸನ್ ವುಡ್ ಬ್ರೂಕ್ಸ್ ಅವರು ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. ಜನರೆದುರು ಹಾಡಬೇಕಾದವರು, ಭಾಷಣ ಮಾಡಬೇಕಾದವರು, ಲೆಕ್ಕ ಬಿಡಿಸಬೇಕಾದವರು, ಇವರಲ್ಲಿ ಕೆಲವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಕೆಲವರು "ನನಗೆ ಹುರುಪು ಬಂದಿದೆ" ಅಂದುಕೊಂಡರು. ಹುರುಪು ಅಂದುಕೊಂಡವರೇ ಚೆನ್ನಾಗಿ ಮಾಡಿದರು. ಕಾರಣ ಸರಳ. ಹೊಡೆದುಕೊಳ್ಳುವ ಎದೆಯನ್ನು ಒಮ್ಮೆಲೇ ತಣ್ಣಗೆ ಮಾಡೋದು ಕಷ್ಟ. ಹುರುಪಿಗೂ ಎದೆ ಹಾಗೇ ಹೊಡೆದುಕೊಳ್ಳುತ್ತದೆ ಅಲ್ವಾ? ಹಾಗಾಗಿ "ನಡಿ, ಇವತ್ತು ಹಾಕೇಬಿಡೋಣ" ಅಂತ ಹೇಳಿಕೊಳ್ಳೋದು ಸುಲಭ. ನಾನು ಕಲಿಸುವವರಿಗೆ ಇದನ್ನು ಬಾಯಿಬಿಟ್ಟು ಹೇಳಿಸುತ್ತೇನೆ.

ಈಗ ಅಭ್ಯಾಸಕ್ಕೆ ಬರೋಣ. ರವಿವಾರ ಬೆಳಗ್ಗೆ ಯಾವುದಾದರೂ ಖಾಲಿ ಬಯಲಿಗೆ, ಇಲ್ಲಾ ಕೇಳಿಕೊಂಡು ಶಾಲೆಯ ಮೈದಾನಕ್ಕೆ ಹೋಗಿ. ಒಂದು ಡಬ್ಬಿ ರಂಗೋಲಿ ಪುಡಿ ಇಟ್ಟುಕೊಳ್ಳಿ. ಮೊದಲು ದೊಡ್ಡ ಎಂಟು ಬರೆಯಿರಿ, ಒಳಗೆ ಎತ್ತಿನ ಬಂಡಿ ತಿರುಗುವಷ್ಟು ದೊಡ್ಡದು. ಅದರ ಮೇಲೆ ಸಲೀಸಾಗಿ ಹೋಗುವುದು ರೂಢಿಯಾದ ಮೇಲೆ ಅಳಿಸಿ, ಸ್ವಲ್ಪ ಸಣ್ಣದು ಬರೆಯಿರಿ. ಹೀಗೆ ಇಳಿಸುತ್ತಾ ಬನ್ನಿ. ಟೆಸ್ಟಿನ ಜಾಗದಲ್ಲಿ ಇರುವುದಕ್ಕಿಂತ ಸ್ವಲ್ಪ ಸಣ್ಣ ಎಂಟು ಹಾಕಲು ಬಂದ ದಿನ ಅರ್ಧ ಹೆದರಿಕೆ ಹೋಗಿರುತ್ತದೆ.

ಗೇರ್ ಬೈಕ್ ಆದರೆ ಮೊದಲನೇ ಗೇರ್, ಅರ್ಧ ಕ್ಲಚ್. ಕ್ಲಚ್ ಪೂರ್ತಿ ಬಿಟ್ಟರೆ ಗಾಡಿ ಹಾರುತ್ತದೆ. ಪೂರ್ತಿ ಹಿಡಿದರೆ ಬಲ ಹೋಗಿ ವಾಲುತ್ತದೆ. ಗಾಡಿ ಎಳೆಯಲು ಶುರುಮಾಡುವ ಆ ನಡುವಿನ ಜಾಗವನ್ನು ಬೆರಳಿಗೆ ಪರಿಚಯ ಮಾಡಿಸಿ. ರೇಸ್ ಒಂದೇ ಸಮ ಇರಲಿ, ಬಲಗಾಲಿನ ಹಿಂದಿನ ಬ್ರೇಕ್ ಮೇಲೆ ಹಗುರ ಒತ್ತು ಇರಲಿ. ಸ್ಕೂಟರ್ ಆದರೆ ಕ್ಲಚ್ಚಿನ ಗೋಜೇ ಇಲ್ಲ. ರೇಸ್ ಸಣ್ಣಗೆ ಹಿಡಿದು, ವೇಗವನ್ನು ಎಡಗೈ ಬ್ರೇಕಿನಿಂದ ಹಗುರವಾಗಿ ತಡೆಯಿರಿ. ಹ್ಯಾಂಡಲ್ ತಿರುಗಿಸಿರುವಾಗ ಬಲಗೈ ಬ್ರೇಕ್, ಅಂದರೆ ಮುಂದಿನ ಬ್ರೇಕ್, ಹಿಡಿಯಲೇಬೇಡಿ. ನಿಧಾನದಲ್ಲಿ ಬೀಳುವವರಲ್ಲಿ ಬಹಳ ಜನ ಬೀಳೋದು ಹೀಗೇ. ಕಣ್ಣು ಮಾತ್ರ ಮುಂದೆ, ನೀವು ಎಲ್ಲಿಗೆ ಹೋಗಬೇಕೋ ಅಲ್ಲಿ. ತಿರುವಿನೊಳಗೆ ಇರುವಾಗಲೇ ಕತ್ತು ತಿರುಗಿಸಿ ಮುಂದಿನ ತಿರುವು ನೋಡಿ. ಕತ್ತು ತಿರುಗಿದರೆ ಹೆಗಲು ತಿರುಗುತ್ತದೆ, ಹೆಗಲು ತಿರುಗಿದರೆ ಗಾಡಿ ಬರುತ್ತದೆ.

ಹೋದ ಸಲ ಎಡ ತಿರುವಿನಲ್ಲಿ ಕಾಲು ಇಳಿದಿದ್ದರೆ, ಎಡ ತಿರುವನ್ನೇ ಬೇರೆ ಮಾಡಿ ಅಭ್ಯಾಸ ಮಾಡಿ. ಸುಮ್ನೆ ಎಡಕ್ಕೆ ದುಂಡಗೆ ಸುತ್ತುತ್ತಾ ಇರಿ. ಬೇಜಾರು ಬರುವ ತನಕ ಸುತ್ತಿ. ಹೆದರಿಕೆ ಹೋಗಿ ಬೇಜಾರು ಬಂದರೆ ಅಭ್ಯಾಸ ಸಾಕಾಗಿದೆ ಅಂತ ತಿಳಿಯಿರಿ.

ಇಷ್ಟಾದ ಮೇಲೆ ನೋಡುವ ಕಣ್ಣುಗಳ ಅಭ್ಯಾಸ. ರೊಟ್ಟಿ ಬಡಿಯಲು ಚೆನ್ನಾಗಿ ಬರುವ ಸೊಸೆಗೂ, ಅತ್ತೆ ಪಕ್ಕದಲ್ಲಿ ಬಂದು ಕೂತ ದಿನ ರೊಟ್ಟಿ ಹರಿಯುತ್ತದೆ. ಇದೂ ಅದೇ. ನಮ್ಮ ಓಣಿಯ ಒಬ್ಬ ತಂಗಿ ಒಬ್ಬಳೇ ಇದ್ದಾಗ ಎಂಟರ ಮೇಲೆ ಎಂಟು ಹಾಕುತ್ತಿದ್ದಳು. ನಾನು ಹತ್ತಿರ ಹೋದರೆ ಸಾಕು, ನಿಂತುಬಿಡುತ್ತಿದ್ದಳು. "ನೀವು ನೋಡ್ಕೋತ ನಿಂತ್ರ ಕಾಲು ತಾನೇ ನೆಲಕ್ಕ ಹೋಗ್ತದ್ರಿ ಅಕ್ಕಾರ" ಅಂದಳು. ಹಾಗಾದರೆ ದಿನಾ ನಿಂತು ನೋಡೋದೇ ಸರಿ ಅಂತ ಶುರು ಮಾಡಿದೆವು. ಮೊದಲು ನಾನೊಬ್ಬಳೇ ದೂರ ನಿಂತೆ. ಆಮೇಲೆ ಹತ್ತಿರ ಬಂದೆ. ಆಮೇಲೆ ಪಕ್ಕದ ಮನೆಯ ಕಾಕಾ ಅವರಿಗೆ ಒಂದು ಹಾಳೆ, ಪೆನ್ನು ಕೊಟ್ಟು ಕುರ್ಚಿ ಹಾಕಿ ಕೂರಿಸಿದೆವು. ಮುಖ ಗಂಟು ಹಾಕಿಕೊಂಡು ಏನಾದರೂ ಬರೆಯುತ್ತಾ ಇರಿ ಅಂತ ಹೇಳಿದೆವು. ಓಣಿಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ಗದ್ದಲ ಮಾಡಿಸಿದೆವು. ಮೊದಲ ದಿನ ಅವಳ ಕಣ್ಣಲ್ಲಿ ನೀರು ಬಂತು. ವಾರ ಕಳೆಯುವುದರೊಳಗೆ ಕಾಕಾ ಬರೆಯುವುದು ಬಿಟ್ಟು ಅವಳನ್ನು ಹುರಿದುಂಬಿಸುತ್ತಿದ್ದರು. ಟೆಸ್ಟಿನ ದಿನ ಅವಳಿಗೆ ಹೆದರಿಕೆ ಆಗಲಿಲ್ಲ ಅಂತ ನಾನು ಹೇಳುವುದಿಲ್ಲ. ಆಯಿತು. ಆದರೂ ಕಾಲು ಇಳಿಯಲಿಲ್ಲ.

ಮನೆಯವರಿಗೆ ಒಂದು ಮಾತು ಹೇಳಲೇಬೇಕು. ಈ ಕಾರ್ಯಕ್ರಮ ಕೇಳುತ್ತಿರುವ ಗಂಡಂದಿರು, ಅಣ್ಣಂದಿರು, ಅಪ್ಪಂದಿರು ದಯವಿಟ್ಟು ಕೇಳಿ. "ನಿನ್ನ ಕೈಲೆ ಆಗಂಗಿಲ್ಲ ಬಿಡು" ಅನ್ನುವ ಮಾತು ನೀವು ನಗುತ್ತಾ ಹೇಳಿರುತ್ತೀರಿ. ಅದು ಟೆಸ್ಟಿನ ಬಯಲಿನಲ್ಲಿ, ಹೆಲ್ಮೆಟ್ಟಿನ ಒಳಗೆ ಅವಳ ಕಿವಿಯಲ್ಲಿ ಕೇಳುತ್ತಿರುತ್ತದೆ. ಇದು ನನಗೆ ಬಹಳ ನೋವು ಕೊಡುವ ವಿಷಯ. ಗಾಡಿ ಬೀಳಿಸಿದರೆ ರಿಪೇರಿ ಮಾಡಿಸಬಹುದು. ಹುಡುಗಿಯೊಬ್ಬಳು ಇನ್ನು ಗಾಡಿ ಮುಟ್ಟುವುದೇ ಇಲ್ಲ ಅಂತ ಕೂತರೆ ಏನು ಮಾಡುತ್ತೀರಿ? ಟೆಸ್ಟಿಗೆ ಹೋಗುವವರಿಗೂ ಹೇಳುತ್ತೇನೆ, ದಿನಾಂಕವನ್ನು ಊರಿಗೆಲ್ಲಾ ಸಾರಬೇಡಿ. ಜೊತೆಗೆ ಒಬ್ಬರು ಸಾಕು. ಕಡಿಮೆ ಮಾತಾಡುವವರು ಆದರೆ ಇನ್ನೂ ಒಳ್ಳೆಯದು.

ಹಿಂದಿನ ರಾತ್ರಿಯೇ ಎಲ್‌ಎಲ್‌ಆರ್, ಸ್ಲಾಟಿನ ಪ್ರಿಂಟ್, ಗಾಡಿಯ ಆರ್‌ಸಿ, ಇನ್ಶುರೆನ್ಸ್, ಹೊಗೆ ತಪಾಸಣೆಯ ಚೀಟಿ, ಎಲ್ಲಾ ಒಂದೇ ಕವರಿನಲ್ಲಿ ಹಾಕಿಡಿ. ಬೆಳಗ್ಗೆ ಕಾಗದ ಹುಡುಕುತ್ತಾ ಶುರುವಾದ ಗಡಿಬಿಡಿ ಸಂಜೆವರೆಗೆ ಬಿಡುವುದಿಲ್ಲ. ಅಭ್ಯಾಸ ಮಾಡಿದ ಗಾಡಿಯನ್ನೇ ತೆಗೆದುಕೊಂಡು ಹೋಗಿ. ಯಾರದೋ ಹೊಸ ಗಾಡಿ ಚೆನ್ನಾಗಿದೆ ಅಂತ ಆ ದಿನ ಬದಲಿಸಬೇಡಿ, ಅದರ ಕ್ಲಚ್ಚು ಬೇರೆ, ಬ್ರೇಕು ಬೇರೆ. ಕೂತಾಗ ಎರಡೂ ಪಾದ ನೆಲಕ್ಕೆ ಸಿಗುವ ಎತ್ತರದ ಗಾಡಿ ಧೈರ್ಯ ಕೊಡುತ್ತದೆ. ದುಪಟ್ಟಾ, ಸೆರಗು ಗಟ್ಟಿಯಾಗಿ ಸಿಕ್ಕಿಸಿಕೊಳ್ಳಿ. ಜಾರುವ ಚಪ್ಪಲಿ ಬೇಡ. ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿಕೊಂಡೇ ಅಭ್ಯಾಸ ಮಾಡಿ. ಆ ದಿನ ಮೊದಲ ಸಲ ಹಾಕಿಕೊಂಡರೆ ಉಸಿರು ಕಟ್ಟಿದಂತಾಗುತ್ತದೆ.

ನಮ್ಮ ಬಿಸಿಲಿನ ಬಗ್ಗೆ ಹೇಳಬೇಕೇ? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಇದು. ಬಯಲಿನಲ್ಲಿ ಸಾಲು ನಿಂತರೆ ಬಿಸಿಲಿನ ಸುಸ್ತೂ ಹೆದರಿಕೆಯಂತೆಯೇ ಅನಿಸುತ್ತದೆ, ಕೈ ನಡುಗುತ್ತದೆ, ತಲೆ ತಿರುಗುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಒಂದು ತಟ್ಟೆ ಸುಸಲಾ, ಇಲ್ಲಾ ಉಪ್ಪಿಟ್ಟು ತಿನ್ನಿ. ನೀರಿನ ಬಾಟಲಿ ಕೈಯಲ್ಲಿರಲಿ. ಚಹಾ ಒಂದೇ ಕಪ್ಪು ಸಾಕು, ಜಾಸ್ತಿಯಾದರೆ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ. ನಿಮ್ಮ ಸರದಿ ಬರುವವರೆಗೆ ನೆರಳಿನಲ್ಲಿ ನಿಲ್ಲಿ. ಬೇರೆಯವರ ಟೆಸ್ಟನ್ನು ಒಂದೆರಡು ನೋಡಿ ಬಿಟ್ಟುಬಿಡಿ. ಅವರ ಕಾಲು ಇಳಿದದ್ದು ನೋಡಿ ನಿಮ್ಮ ಕಾಲು ನಡುಗುವುದು ಬೇಡ.

ಹೆಸರು ಕರೆದಾಗ ಅವಸರ ಮಾಡಬೇಡಿ. ಯಾರೂ ನಿಮಗೆ ಓಡಿ ಬಾ ಅಂದಿಲ್ಲ. ಗಾಡಿಯ ಮೇಲೆ ಕೂತು, ಹೆಲ್ಮೆಟ್ ಒಳಗೇ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಾ ಹೋಗಿ: ಪಟ್ಟಿ ಹಾಕಿದೆ, ಕನ್ನಡಿ ನೋಡಿದೆ, ಸ್ಟ್ಯಾಂಡ್ ತೆಗೆದೆ, ಚಾಲೂ ಮಾಡಿದೆ, ಹಿಂದೆ ನೋಡಿದೆ, ಇಂಡಿಕೇಟರ್ ಹಾಕಿದೆ, ಹೊರಟೆ. ಬಾಯಿ ಇದನ್ನು ಹೇಳುತ್ತಿದ್ದರೆ ಮನಸ್ಸಿಗೆ ಹೋದ ಸಲದ್ದನ್ನು ನೆನೆಯಲು ಪುರುಸೊತ್ತು ಸಿಗುವುದಿಲ್ಲ. ಈಗಿನ ಅನೇಕ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಚಾಲೂ ಆಗುವುದೇ ಇಲ್ಲ. ಗಾಡಿ ಕೆಟ್ಟಿತು ಅಂತ ಗಾಬರಿಯಾಗುವ ಮೊದಲು ಕಾಲ ಬಳಿ ಒಮ್ಮೆ ನೋಡಿ. ತಿರುಗುವ ಮುನ್ನ ಸಿಗ್ನಲ್ ಕೊಡೋದು, ತಿರುಗಿದ ಮೇಲೆ ಇಂಡಿಕೇಟರ್ ಆರಿಸೋದು, ನಿಲ್ಲಿಸುವಾಗ ಸರಿಯಾದ ಜಾಗದಲ್ಲಿ ನಿಲ್ಲಿಸೋದು, ಇವನ್ನೂ ಸಾಹೇಬರು ನೋಡುತ್ತಾರೆ. ಎಂಟು ಮುಗಿಯಿತು ಅನ್ನುವ ಖುಷಿಯಲ್ಲಿ ಜನ ಇವನ್ನು ಮರೆಯುತ್ತಾರೆ. ಗಾಡಿ ನಿಂತು, ಎಂಜಿನ್ ಆರುವವರೆಗೆ ಟೆಸ್ಟು ಮುಗಿದಿಲ್ಲ.

"ಹಣ ಕೊಡು, ಟೆಸ್ಟು ಬೇಡ, ನಾನು ಮಾಡಿಸಿಕೊಡ್ತೀನಿ" ಅನ್ನುವವರು ನಿಮ್ಮ ಹೆದರಿಕೆಯ ವಾಸನೆ ಹಿಡಿದು ಬರುತ್ತಾರೆ. ಅವರಿಗೆ ಬೆನ್ನು ಹಾಕಿ. ಎಂಟು ಹಾಕಲು ಬಾರದ ಕೈ ಜಗತ್ ಸರ್ಕಲ್‌ನ ಸಂಜೆಯ ಗದ್ದಲದಲ್ಲಿ ಆಟೋ ಅಡ್ಡ ಬಂದಾಗ ಏನು ಮಾಡೀತು? ಅಲ್ಲಿ 7 ದಿನ ಬಿಟ್ಟು ಮತ್ತೆ ಬಾ ಅನ್ನುವವರು ಯಾರೂ ಇರುವುದಿಲ್ಲ.

ಒಂದು ವೇಳೆ ಈ ಸಲವೂ ಕಾಲು ಇಳಿಯಿತು ಅನ್ನೋಣ. ಕೂಡಲೇ ಮನೆಗೆ ಓಡಬೇಡಿ. "ಸಾಹೇಬರೇ, ಎಲ್ಲಿ ತಪ್ಪಿತು ಸ್ವಲ್ಪ ಹೇಳ್ತೀರಾ?" ಅಂತ ಮರ್ಯಾದೆಯಿಂದ ಕೇಳಿ. ಅವರು ಹೇಳಿದ್ದನ್ನು ಅಲ್ಲೇ ಬರೆದಿಟ್ಟುಕೊಳ್ಳಿ, ಮನೆ ಮುಟ್ಟುವುದರೊಳಗೆ ಅರ್ಧ ಮರೆತುಹೋಗುತ್ತದೆ. ಅದೇ ವಾರ ಬಯಲಿಗೆ ಹೋಗಿ ಅದೊಂದನ್ನೇ ಅಭ್ಯಾಸ ಮಾಡಿ. ಸ್ಲಾಟ್ ಇನ್ನೂ ತೆಗೆದುಕೊಳ್ಳದವರು, ಬರುವ ರವಿವಾರಕ್ಕೆ ಒಬ್ಬ ಕಾಕಾ ಅವರನ್ನು, ಒಂದು ಹಾಳೆಯನ್ನು, ಒಂದು ಪೆನ್ನನ್ನು ಗೊತ್ತುಮಾಡಿಕೊಳ್ಳಿ. ಬೆಳಗ್ಗೆ ಏಳಕ್ಕೆ ಮುಂಚೆ ಹೋದರೆ ಬಿಸಿಲೂ ಇರುವುದಿಲ್ಲ, ಬಯಲಿನಲ್ಲಿ ಕ್ರಿಕೆಟ್ ಆಡುವ ಹುಡುಗರೂ ಬಂದಿರುವುದಿಲ್ಲ.

ನಮಸ್ಕಾರ.